ಉತ್ತರ ಏನೇ ಇರಲಿ, ಒಪ್ಪಿಗೆ ಇದೆ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಪ್ರೋಗ್ರಾಮ್ ಬರೆಯಲು ಕಲಿತದ್ದು ಬುದ್ಧಿ ಬೆಳೆಸಿಕೊಳ್ಳುವ ಹುಮ್ಮಸ್ಸಿನಿಂದಲ್ಲ. ಅಪ್ಪನಿಗೆ ಒಂದು ಪ್ರಶ್ನೆ ಕೇಳಿದ್ದೆ, ಅವನು ಒಂದು ಉತ್ತರ ಕೊಟ್ಟಿದ್ದ. ಆ ಉತ್ತರವನ್ನು ನಂಬಿ ಮಾಡಬಾರದ ಕೆಲಸ ಮಾಡಿಬಿಟ್ಟೆನೇನೋ ಎಂಬ ಸಂಶಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದನ್ನು ಕಿತ್ತುಕೊಳ್ಳಲು ಮನುಷ್ಯರ ಹತ್ತಿರ ದಾರಿ ಕಾಣದೆ ಯಂತ್ರದ ಹತ್ತಿರ ಹೋದೆ.

ಬೈಲಹೊಂಗಲದ ಒಂದು ಪದವಿ ಕಾಲೇಜಿನಲ್ಲಿ ನಾನು ಗುಮಾಸ್ತೆ. ಇಪ್ಪತ್ತು ವರ್ಷದಿಂದ ವರ್ಗಾವಣೆ ಪತ್ರ, ನಡತೆ ಪತ್ರ ಟೈಪು ಮಾಡುತ್ತ ಬಂದಿದ್ದೇನೆ. ಎಷ್ಟು ಪುಂಡರ ನಡತೆಯನ್ನು 'ಉತ್ತಮ' ಎಂದು ಬರೆದು ಸಾಹೇಬರ ಸಹಿಗೆ ಕಳಿಸಿದ್ದೇನೋ ಆ ದೇವರೇ ಬಲ್ಲ. ಬರೆದ ಮಾತಿಗೂ ನಿಜಕ್ಕೂ ಎಷ್ಟು ದೂರ ಎಂಬುದು ನನ್ನ ಬೆರಳುಗಳಿಗೆ ಗೊತ್ತಿರಬೇಕಿತ್ತು, ಆದರೆ ಮನೆಯ ಹೊಸ್ತಿಲು ದಾಟಿದೊಡನೆ ಆ ಜಾಣತನ ಎಲ್ಲಿಗೆ ಹೋಗುತ್ತದೋ.

ದಸರೆ ಮುಗಿದ ಮೇಲೆ ಕಾಲೇಜಿನ ಕಂಪ್ಯೂಟರ್ ಮೇಡಂ ಸಿಬ್ಬಂದಿಗಾಗಿ ಶನಿವಾರ ಮಧ್ಯಾಹ್ನ ಪೈಥಾನ್ ತರಗತಿ ಶುರುಮಾಡಿದರು. ರಾಮದುರ್ಗದ ನೇಕಾರರ ಮನೆಯ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆದರೂ ನಾನು ಅವಳಿಗೆ ಮೇಡಂ ಎನ್ನುತ್ತೇನೆ, ಅವಳು ನನಗೆ ಅಕ್ಕಾರ ಎನ್ನುತ್ತಾಳೆ. ಹೆಸರು ಕೊಟ್ಟವರು ಒಂಬತ್ತು ಜನ, ಮೂರನೆಯ ವಾರಕ್ಕೆ ಉಳಿದವಳು ನಾನೊಬ್ಬಳೇ. ಆಫೀಸಿನಲ್ಲಿ ನಗು. "ಏನ್ರಿ, ಈ ವಯಸ್ಸಿನ್ಯಾಗ ಹಾವು ಹಿಡಿಯಾಕ ಹೊಂಟೀರಿ?" ಎಂದು ಲೆಕ್ಕ ವಿಭಾಗದವರು ಕೇಳಿದರು. ಹಿಡಿದು ನಿಮ್ಮ ಟೇಬಲ್ಲಿನೊಳಗೇ ಬಿಡುತ್ತೇನೆ ಎಂದೆ.

ಮೊದಲ ಪಾಠವೇ ಸ್ಟ್ರಿಂಗು. ಅಂದರೆ ಉದ್ಧರಣ ಚಿಹ್ನೆಗಳ ನಡುವೆ ಇಟ್ಟ ಮಾತು.

"ಕೊಟೇಶನ್ ಒಳಗ ಏನ್ ಇಟ್ರೂ ಅದು ಸ್ಟ್ರಿಂಗ್ ರಿ ಅಕ್ಕಾರ," ಎಂದಳು ಮೇಡಂ. "ಒಳಗ ಏನೈತಿ ಅಂತ ಮಷೀನಿಗೆ ತಿಳಿಯೂದಿಲ್ಲ. ಬುತ್ತಿಗಂಟ ಇದ್ದಂಗ. ಹೊತ್ಕೊಂಡ ಹೋಗತೈತಿ, ಬಿಚ್ಚಿ ತಿನ್ನೂದಿಲ್ಲ. ನಿಮಗ ತಿಳದದ್ದ ಒಂದ ಮಾತ ಹಾಕ್ರಿ, ನೋಡೂಣು."

ಎಲ್ಲರೂ ತಮ್ಮ ಹೆಸರು ಹಾಕಿದರು. ನಾನು 'ಆತು' ಎಂದು ಹಾಕಿದೆ. ಗುಂಡಿ ಒತ್ತಿದರೆ ಪರದೆಯ ಮೇಲೆ 'ಆತು' ಎಂದೇ ಬಂತು. ಮತ್ತೆ ಒತ್ತಿದೆ, ಮತ್ತೆ ಆತು. ನನಗೆ ಕಣ್ಣು ತುಂಬಿ ಬಂದದ್ದನ್ನು ಮೇಡಂ ನೋಡಿದಳು.

ಅಪ್ಪ ದನದ ದಲಾಲ. ಬೈಲಹೊಂಗಲದ ಪೇಟೆಯಿಂದ ಹಿಡಿದು ಸವದತ್ತಿ, ರಾಮದುರ್ಗದವರೆಗೆ ಯಾವ ಸಂತೆಗೆ ಹೋದರೂ ಅವನ ಗುರುತಿದೆ. ಎತ್ತಿನ ಹಲ್ಲು ನೋಡಿ ವಯಸ್ಸು, ನಡಿಗೆ ನೋಡಿ ಗುಣ ಹೇಳುತ್ತಿದ್ದ. ಮಾತು ಅಂದರೆ ಮಾತು. ನಮ್ಮ ಓಣಿಯಲ್ಲಿ ಬೆಳಿಗ್ಗೆ ಕೋಳಿ ಕೂಗುವುದಕ್ಕೆ ಮೊದಲು ಅಪ್ಪನ ದನಿ ಕೇಳುತ್ತಿತ್ತು. ಆದರೆ ಅವನ ಕಸುಬಿನಲ್ಲಿ ನಿಜವಾದ ಮಾತು ನಡೆಯುತ್ತಿದ್ದುದು ಟವೆಲ್ಲಿನ ಕೆಳಗೆ. ಕೊಡುವವನ ಕಡೆಯವನೊಬ್ಬ, ಕೊಳ್ಳುವವನ ಕಡೆಯವನೊಬ್ಬ, ಇಬ್ಬರೂ ಕೈ ಹಿಡಿದುಕೊಂಡು ಮೇಲೆ ಟವೆಲ್ಲು ಹಾಕುತ್ತಾರೆ. ಯಾವ ಬೆರಳು ಒತ್ತಿದರೆ ಏನರ್ಥ ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕೇಳಲೆಂದು ಬಾಯಿಯಲ್ಲಿ ಮಳೆ, ಮದುವೆ, ಕಬ್ಬಿನ ಲಾರಿಯ ಸುದ್ದಿ ಬೇರೆಯೇ ನಡೆದಿರುತ್ತದೆ. "ಬಾಯಿ ಊರ ಮಂದಿಗೆ, ಕೈ ವ್ಯಾಪಾರಕ್ಕ," ಎಂದು ಅಪ್ಪ ಹೇಳುತ್ತಿದ್ದ. ಚಿಕ್ಕವಳಿದ್ದಾಗ ಒಮ್ಮೆ ಆ ಟವೆಲ್ಲಿನ ಕೆಳಗೆ ಇಣುಕಿ ನೋಡಿ ಬೆನ್ನ ಮೇಲೆ ಒಂದು ಗುದ್ದು ತಿಂದಿದ್ದೇನೆ. ಹೆಣ್ಣುಮಕ್ಕಳು ನೋಡುವುದಲ್ಲ ಅದು.

ಹೋದ ವರ್ಷ ಸಂಕ್ರಾಂತಿ ಕಳೆದು ವಾರದೊಳಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಮೂರು ವಾರ ದವಾಖಾನೆಯಲ್ಲಿದ್ದು ಮನೆಗೆ ಬಂದಾಗ ಬಾಯಿಯಲ್ಲಿ ಉಳಿದದ್ದು ಒಂದೇ ಒಂದು ಮಾತು: ಆತು. ವ್ಯಾಪಾರ ಕುದುರಿದಾಗ, ಆಯಿತು ಎನ್ನಲು, ಸಂತೆಯಲ್ಲಿ ಅವನು ಸಾವಿರ ಸಲ ಅಂದ ಮಾತು ಅದು. ಉಂಡೆಯಾ ಎಂದರೆ ಆತು. ನೋಯುತ್ತದಾ ಎಂದರೆ ಆತು. ನಾನು ಯಾರು ಹೇಳು ಎಂದರೆ ನನ್ನ ಮುಖವನ್ನೇ ನೋಡಿ ಆತು. ಡಾಕ್ಟರು, "ಅವರಿಗೆ ಎಲ್ಲಾ ತಿಳಿಯತೈತ್ರಿ, ಹೊರಗ ಬರೂದಿಲ್ಲ ಅಷ್ಟ," ಎಂದರು. ಅದನ್ನು ಕೇಳಿದ ಮೇಲೆ ನನ್ನ ಸಂಕಟ ಇನ್ನೂ ಹೆಚ್ಚಾಯಿತು. ತಿಳಿಯದವನ ಪಕ್ಕ ಕೂರುವುದು ಒಂದು ಥರ. ಎಲ್ಲ ತಿಳಿದೂ ಒಳಗೇ ಸಿಕ್ಕಿಕೊಂಡವನ ಪಕ್ಕ ಕೂರುವುದು ಬೇರೆ.

ಸಂಗೊಳ್ಳಿಯ ನಮ್ಮ ಮನೆಯಲ್ಲಿ ನಾವು ಮೂವರೇ. ಅಪ್ಪ, ಅವ್ವ, ಮದುವೆಯ ವಯಸ್ಸು ದಾಟಿಸಿಕೊಂಡು ಕೂತ ನಾನು. ಕೊಟ್ಟಿಗೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತು. ಊರವರ ಎತ್ತುಗಳನ್ನೆಲ್ಲ ಮಾರಿಸಿದ ಅಪ್ಪ ಆ ಜೋಡಿಯನ್ನು ಮಾತ್ರ ಕರುಗಳಿದ್ದಾಗಿನಿಂದ ಕೂಡಿಸಿ ಬೆಳೆಸಿದ್ದ. ಯಾರು ಬಂದು ಕೇಳಿದರೂ ನಕ್ಕು ಚಹಾ ಕುಡಿಸಿ ಕಳಿಸುತ್ತಿದ್ದ. ಅವನು ಬಿದ್ದ ಮೇಲೆ ಅವುಗಳ ಕೆಲಸ ಅವ್ವನ ಮೇಲೆ ಬಿತ್ತು. ಅವ್ವನ ಮೊಣಕಾಲು ಮೊದಲೇ ಹೋಗಿದ್ದವು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರುವ ನಾನು ಕಣಿಕೆ ಹಾಕುವುದು ಹೇಗೆ, ಸಗಣಿ ಬಳಿಯುವುದು ಯಾವಾಗ? ಒಂದು ದಿನ ಅವ್ವ ಮೇವು ಹಾಕುವ ಗೋದಲಿಯ ಹತ್ತಿರ ಜಾರಿ ಬಿದ್ದಳು. ಅಂದೇ ನಾನು ತೀರ್ಮಾನ ಮಾಡಿದೆ. ಆದರೂ ಅಪ್ಪನನ್ನು ಕೇಳದೆ ಮಾರಿದೆ ಅನ್ನಿಸಿಕೊಳ್ಳಬಾರದೆಂದು ಅವನ ಮಂಚದ ಹತ್ತಿರ ಕೂತು, ಇನ್ನೂ ಆಡುತ್ತಿದ್ದ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ಕೇಳಿದೆ.

"ಅಪ್ಪಾ, ಎತ್ತ ಮಾರೂಣೇನು? ಅವ್ವಗ ನೀಗವಲ್ದು."

ಅಪ್ಪ ನನ್ನ ಮುಖ ನೋಡಿದ. "ಆತು," ಅಂದ. ಅವನ ಕೈ ನನ್ನ ಕೈಯಿಂದ ಜಾರಿತು. ಶಕ್ತಿಯಿಲ್ಲದ ಕೈ ಎಂದು ಎತ್ತಿ ಎದೆಯ ಮೇಲೆ ಇಟ್ಟೆ. ಬಾಗಿಲಲ್ಲಿ ನಿಂತ ಅವ್ವ, "ಆತು ಅಂದ್ರು ನೋಡವಾ. ಇನ್ನೇನ ಬೇಕು?" ಎಂದಳು.

ಇನ್ನೇನೂ ಬೇಕಿರಲಿಲ್ಲ ನಮಗೆ. ಉಂಡೆಯಾ ಎಂದರೂ ಅದನ್ನೇ ಅನ್ನುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೇಕಾದ ಉತ್ತರ ಸಿಕ್ಕಾಗ ಅದನ್ನು ತಿರುಗಿಸಿ ನೋಡುವ ಚಟ ಯಾರಿಗಿರುತ್ತದೆ? ಕಾರಹುಣ್ಣಿಮೆಯ ಮರುವಾರ ಬೈಲಹೊಂಗಲದ ಪೇಟೆಯಲ್ಲಿ ಪರಿಚಯವಿಲ್ಲದ ದಲಾಲನೊಬ್ಬನ ಮೂಲಕ ಎತ್ತುಗಳು ರಾಮದುರ್ಗದ ಕಡೆಯ ವ್ಯಾಪಾರಿಯ ಗಾಡಿ ಹತ್ತಿದವು. ಹಬ್ಬಕ್ಕೆ ಕೋಡಿಗೆ ಹಚ್ಚಿದ ಕೆಂಪು ಬಣ್ಣ ಇನ್ನೂ ಮಾಸಿರಲಿಲ್ಲ. ಅಪ್ಪನ ಹಳೆಯ ಪಾಲುದಾರರಾದ ಸವದತ್ತಿಯ ಚಾಚಾ ಅವರಿಗೆ ನಾನು ಒಂದು ಮಾತು ಹೇಳಲಿಲ್ಲ. ಹೇಳಿದರೆ ಬೇಡ ಎಂದುಬಿಟ್ಟಾರು ಎಂದು ಹೆದರಿದ್ದೆ.

ಅಂದಿನಿಂದ ದಿನಾ ಸಂಜೆ ಎತ್ತುಗಳಿಗೆ ನೀರು ಕುಡಿಸುವ ಹೊತ್ತಿಗೆ ಅಪ್ಪ ಕೊಟ್ಟಿಗೆಯ ಕಡೆ ಮುಖ ಮಾಡುತ್ತಿದ್ದ. "ಆತು?" ಎಂದು ಕೇಳುತ್ತಿದ್ದ. ಆಮೇಲೆ ಜೋರಾಗಿ "ಆತು! ಆತು!" ಎನ್ನುತ್ತಿದ್ದ. ಎಡಗೈಯಿಂದ ಹೆಗಲ ಮೇಲಿನ ಟವೆಲ್ಲು ಎಳೆದೆಳೆದು ನನ್ನ ಕಡೆ ಚಾಚುತ್ತಿದ್ದ. ಬೆವರು ಒರೆಸು ಅನ್ನುತ್ತಾನೆ ಎಂದು ನಾನು ಒರೆಸುತ್ತಿದ್ದೆ. ಅವನು ಸಿಟ್ಟಿನಿಂದ ಮುಖ ತಿರುಗಿಸುತ್ತಿದ್ದ, ಕೆಲವು ದಿನ ಅಳುತ್ತಿದ್ದ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈ ಸಂಜೆಗಳಿಗಾಗಿ ನಾನು ಶನಿವಾರದ ತರಗತಿಗೆ ಹೋದೆ. ಬರೆದದ್ದನ್ನು ತೋರಿಸುವ, ಒತ್ತಿದ್ದಕ್ಕೆ ಉತ್ತರ ಹೇಳುವ ಏನಾದರೊಂದನ್ನು ಮಾಡಿ ಅಪ್ಪನ ಮುಂದಿಟ್ಟರೆ, ಒಳಗಿದ್ದದ್ದರಲ್ಲಿ ಒಂದಾದರೂ ಹೊರಗೆ ಬಂದೀತು ಎಂಬ ಆಸೆ.

ಮೊದಲು ಅಕ್ಷರಗಳಿಂದ ಶುರುಮಾಡಿದೆ. ಅಪ್ಪ ಎರಡನೆಯ ಇಯತ್ತೆ ಓದಿದವನು, ಒಂದೊಂದೇ ಅಕ್ಷರ ತೋರಿಸಿದರೆ ಗುರುತಿಸಬಹುದು ಎಂದುಕೊಂಡೆ. 'ಎತ್ತು' ಎಂಬ ಮಾತನ್ನು ಬಿಡಿಸಿ ಒಂದೊಂದು ಸಾಲಿಗೆ ಒಂದರಂತೆ ತೋರಿಸು ಎಂದು ಯಂತ್ರಕ್ಕೆ ಹೇಳಿದೆ. ಎರಡು ಅಕ್ಷರ ಬರಬೇಕಲ್ಲ, ಐದು ತುಂಡು ಬಂದವು. ಎ ಬಂತು, ಒಂದು ತ ಬಂತು, ಒತ್ತಕ್ಷರ ಕಟ್ಟುವ ಚಿಹ್ನೆ ಬೇರೆ ಬಂತು, ಇನ್ನೊಂದು ತ, ಕೊನೆಗೆ ಚುಕ್ಕಿಚುಕ್ಕಿಯ ಸೊನ್ನೆಗೆ ಅಂಟಿಕೊಂಡ ಒಂಟಿ ಕೊಂಬು. ಜೋಡಿ ಎತ್ತು ಮಾರಿದವಳಿಗೆ ಕೊಂಬೊಂದೇ ಉಳಿಯಿತು ನೋಡು ಎಂದು ನನಗೆ ನಾನೇ ಬೈದುಕೊಂಡೆ.

"ಕನ್ನಡ ಅಕ್ಷರನ ಅದು ಹಿಂಗ ತುಂಡ ತುಂಡ ಇಟ್ಟಿರತೈತ್ರಿ ಅಕ್ಕಾರ," ಎಂದಳು ಮೇಡಂ. "ಬಿಡಸಾಕ ಹೋಗಬ್ಯಾಡ್ರಿ. ಇಡೀ ಮಾತ ಇಡ್ರಿ, ಸಾಲಾಗಿ. ಅಪ್ಪಾರು ನಂಬರ ಒತ್ತಲಿ."

ಹಾಗೆಯೇ ಮಾಡಿದೆ. ಐದು ಮಾತುಗಳ ಸಾಲು: ನೀರು, ಚಹಾ, ಊಟ, ನೋವು, ಎತ್ತು. ಮೇಡಂ ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅವ್ವ ಅದಕ್ಕೆ ಕುಂಕುಮ ಹಚ್ಚಲು ಬಂದಳು, ತಡೆದೆ. ಒಂದನ್ನು ಒತ್ತಿದೆ. 'ನೀರು' ಬರಬೇಕಿದ್ದಲ್ಲಿ 'ಚಹಾ' ಬಂತು. ಅಪ್ಪನ ಬೆರಳನ್ನು ಹಿಡಿದು ಐದರ ಮೇಲೆ ಒತ್ತಿಸಿದೆ. ಪರದೆಯ ತುಂಬ ಕೆಂಪು ಅಕ್ಷರ, ನೀನು ಕೇಳಿದ್ದು ಇಲ್ಲಿ ಇಲ್ಲವೇ ಇಲ್ಲ ಎಂಬ ತಪ್ಪಿನ ಸೂಚನೆ. ಎತ್ತು ಕೇಳಿದರೆ ಇಲ್ಲ! ಅಪ್ಪ ಆ ಕೆಂಪನ್ನು ನೋಡಿದ, ನನ್ನನ್ನು ನೋಡಿದ. ನಾನು ಲ್ಯಾಪ್‌ಟಾಪು ಮುಚ್ಚಿದೆ.

ಯಂತ್ರ ಸೊನ್ನೆಯಿಂದ ಎಣಿಸುತ್ತದಂತೆ. ಸಾಲಿನ ಮೊದಲನೆಯದು ಅದಕ್ಕೆ ಸೊನ್ನೆ, ಕೊನೆಯದು ನಾಲ್ಕು. ಸೋಮವಾರ ಮೇಡಂ ಅದನ್ನು ಸರಿಮಾಡಲು ಹೇಳಿಕೊಟ್ಟಳು. ಸರಿ ಮಾಡಿ ಮತ್ತೆ ಅಪ್ಪನ ಮುಂದಿಟ್ಟೆ. ಅಪ್ಪ ಒಂದು ಅಂಕಿಯನ್ನೂ ಒತ್ತಲಿಲ್ಲ. ಇಡೀ ಅಂಗೈಯನ್ನು ಕೀಲಿಮಣೆಯ ಮೇಲೆ ಚಪ್ಪರಿಸಿ ಇಟ್ಟುಬಿಟ್ಟ. ಆಮೇಲೆ ಅದೇ ಕೈಯಿಂದ ಟವೆಲ್ಲು ಎಳೆದು ನನ್ನ ಕಡೆ ಚಾಚಿದ. ನಾನು ಎಂದಿನಂತೆ ಅವನ ಹಣೆ ಒರೆಸಿದೆ. ಅಷ್ಟು ದಿನದ ನನ್ನ ವಿದ್ಯೆ ಅಷ್ಟೇ. ನಾನು ಕಟ್ಟಿಗೆ ಒಲೆಯ ಮುಂದೆ ಹೋಗಿ ಹೊಗೆಯ ನೆಪದಲ್ಲಿ ಅತ್ತೆ.

ಚಳಿ ಬಿದ್ದಾಗ ಮೇಡಂ ಒಂದು ಅಭ್ಯಾಸ ಕೊಟ್ಟಳು: ಒಂದು ಪ್ರಶ್ನೆ ಕೇಳಬೇಕು, ಬಂದ ಉತ್ತರ ನೋಡಿ ಎರಡರಲ್ಲಿ ಒಂದು ಮಾತು ತೋರಿಸಬೇಕು. ಅವಳ ಪ್ರಶ್ನೆ 'ಚಹಾ ಬೇಕೇ' ಎಂದಿತ್ತು. ನಾನು 'ಎತ್ತು ಮಾರೋಣವೇ' ಎಂದು ಬರೆದೆ. ಉತ್ತರ ಬಂದರೆ 'ಒಪ್ಪಿಗೆ ಇದೆ', ಇಲ್ಲದಿದ್ದರೆ 'ಒಪ್ಪಿಗೆ ಇಲ್ಲ'. ಪರೀಕ್ಷಿಸಲು 'ಹೌದು' ಎಂದು ಟೈಪು ಮಾಡಿದೆ. ಒಪ್ಪಿಗೆ ಇದೆ. ಖುಷಿಯಾಯಿತು. 'ಇಲ್ಲ' ಎಂದು ಟೈಪು ಮಾಡಿದೆ. ಒಪ್ಪಿಗೆ ಇದೆ. ಕೈತಪ್ಪಿರಬೇಕೆಂದು ಮತ್ತೆ ಮಾಡಿದೆ. ಒಪ್ಪಿಗೆ ಇದೆ. 'ಬೇಡ', ಒಪ್ಪಿಗೆ ಇದೆ. 'ಬೇಡವೇ ಬೇಡ', ಒಪ್ಪಿಗೆ ಇದೆ. ಕೊನೆಗೆ 'ಆತು'. ಒಪ್ಪಿಗೆ ಇದೆ.

"ಮೇಡಂ, ಇದಕ್ಕ ಏನ ಹೇಳಿದ್ರೂ ಹೂಂ ಅಂತೈತ್ರಿ," ಎಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು.

ಮೇಡಂ ಬಂದು ಬಗ್ಗಿ ನೋಡಿದಳು, ನಕ್ಕಳು. "ಎಲ್ಲಾರೂ ಮೊದಲ ಇದ ತಪ್ಪ ಮಾಡ್ತಾರ್ರಿ. ನೀವು ಉತ್ತರ ಏನಂತ ಕೇಳೇ ಇಲ್ಲ. ಉತ್ತರ ಐತೋ ಇಲ್ಲೋ ಅಂತ ಅಷ್ಟ ಕೇಳೀರಿ. ಬುತ್ತಿಗಂಟಿನ್ಯಾಗ ಏನರ ಇದ್ರ ಸಾಕು, ಅದು ಹೂಂ ಅಂತೈತಿ. 'ಇಲ್ಲ' ಅಂತ ಇದ್ರೂ ಹೂಂ. ಬರೇ ಖಾಲಿ ಇದ್ರ ಅಷ್ಟ ಉಹೂಂ. ಬಂದ ಮಾತನ್ನ ಮತ್ತೊಂದ ಮಾತಿನ ಜೋಡಿ ಹೋಲಿಸಿ ನೋಡಬೇಕ್ರಿ, ಅಂದ್ರ ತಿಳಿಯತೈತಿ."

ಅವಳು ಸಹಜವಾಗಿ ಹೇಳಿ ತನ್ನ ಕುರ್ಚಿಗೆ ಹೋದಳು. ನಾನು ಕೂತಲ್ಲೇ ಕೂತೆ. ಉತ್ತರ ಏನೆಂದು ನಾನು ಕೇಳೇ ಇರಲಿಲ್ಲ. ಅಪ್ಪನ ಬಾಯಿ ಖಾಲಿ ಇರಲಿಲ್ಲ, ಅಷ್ಟು ಸಾಕಾಗಿತ್ತು ನನಗೆ. ಅವನು ಬೇಡವೇ ಬೇಡ ಎಂದು ಕೂಗಿದ್ದರೂ ಹೊರಗೆ ಬರುತ್ತಿದ್ದದ್ದು ಆತು ಎಂದೇ. ಹೋಲಿಸಿ ನೋಡಲು ಇನ್ನೊಂದು ಮಾತು ಅವನ ಹತ್ತಿರ ಇರಲಿಲ್ಲ. ಯಂತ್ರಕ್ಕೆ ಬುದ್ಧಿಯಿಲ್ಲ, ಒಪ್ಪೋಣ. ನನಗೇನಾಗಿತ್ತು? ಆ ದಿನ ಬಸ್ಸಿನಲ್ಲಿ ಇಡೀ ದಾರಿ ನನ್ನ ಮೇಲೆ ನನಗೆ ಬಂದ ಹೇಸಿಗೆಯನ್ನು ಬರೆದು ತೋರಿಸಲು ಆಗುವುದಿಲ್ಲ.

ಹೇಗಾದರೂ ಮಾಡಿ ಎತ್ತುಗಳನ್ನು ಹಿಂದಕ್ಕೆ ತರಬೇಕು ಅನ್ನಿಸಿತು. ಬುಧವಾರ ರಜೆ ಹಾಕಿ ಸವದತ್ತಿಗೆ ಹೋದೆ. ಚಾಚಾ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಕಿತ್ತೂರಿನ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಆಗಷ್ಟೇ ಊರಿಗೆ ಮರಳಿದ್ದರು. ಕಪ್ಪು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ.

"ನನಗೊಂದ ಮಾತ ಹೇಳಬಾರದಿತ್ತೇನ ಬೇಟಿ? ನಾ ಸತ್ತಿದ್ದೆನೇನು?" ಎಂದರು. ಆಮೇಲೆ ತಾವೇ, "ನಂದೂ ತಪ್ಪೈತಿ. ದವಾಖಾನ್ಯಾಗ ಒಮ್ಮೆ ನೋಡಿ ಬಂದೆ, ಅಷ್ಟ. ಮಾತ ಹ್ವಾದ ದೋಸ್ತನ ಮುಂದ ಕುಂತು ಏನಂತ ಮಾತಾಡ್ಲಿ ಅಂತ ಮನಿಗೆ ಬರಲೇ ಇಲ್ಲ," ಎಂದರು.

ಇಬ್ಬರೂ ಅದೇ ದಿನ ರಾಮದುರ್ಗಕ್ಕೆ ಹೋದೆವು. ವ್ಯಾಪಾರಿ ಸಿಕ್ಕ. ಒಳ್ಳೆಯವನೇ, ಕುರ್ಚಿ ಹಾಕಿ ನೀರು ಕೊಟ್ಟ. "ಆ ಜೋಡಿ ಮರ್ತಿಲ್ರಿ. ಕೆಂಪ ಕೋಡಿನವು. ಆದರ ಅವು ಮುಂದಿನ ಸಂತಿಗೇ ಹ್ವಾದ್ವು. ಜೋಡಿ ಕೊಳ್ಳವರು ಸಿಗಲಿಲ್ಲ, ಎಡಗಡೆದು ಒಬ್ಬರ ಕೈಗೆ, ಬಲಗಡೆದು ಇನ್ನೊಬ್ಬರ ಕೈಗೆ. ಅವರೂ ಮತ್ತ ಮಾರ್ಯಾರಂತ ಕೇಳೇನಿ. ಇನ್ನ ಎಲ್ಲಿ ಅಂತ ಹುಡಕ್ತೀರ್ರಿ?"

ಚಾಚಾ ನಾಲ್ಕು ಕಡೆ ಫೋನು ಮಾಡಿಸಿದರು. ನಾಲ್ಕೂ ಕಡೆ ಇಲ್ಲ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಾನು, "ಬೇರೆ ಜೋಡಿ ತಂದ ಕಟ್ಟಿದ್ರ?" ಎಂದೆ. ಚಾಚಾ, "ಅವ ದಲಾಲ ಬೇಟಿ. ಕಣ್ಣ ಮುಚ್ಚಿ ಬೆನ್ನ ಸವರಿದ್ರ ಅವಗ ತಿಳಿಯತೈತಿ," ಎಂದರು.

ಆ ಭಾನುವಾರ ಮಧ್ಯಾಹ್ನ ಅವರು ಸಂಗೊಳ್ಳಿಗೆ ಬಂದರು. ಅಪ್ಪ ಅವರನ್ನು ಕಂಡದ್ದೇ ತಡ, "ಆತು ಆತು ಆತು" ಎಂದು ಒಂದೇ ಸಮನೆ ಶುರುಮಾಡಿದ. ಎಡಗೈ ಹೆಗಲಿಗೆ ಹೋಯಿತು. ಟವೆಲ್ಲು ಎಳೆದು ಚಾಚಾ ಕಡೆ ಚಾಚಿದ. ನಾನು ಒರೆಸಲು ಎದ್ದೆ.

"ಕುಂಡ್ರು ನೀ," ಎಂದರು ಚಾಚಾ. ಮಂಚದ ಮೇಲೆ ಕೂತು ಅಪ್ಪನ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಮೇಲೆ ಟವೆಲ್ಲು ಹಾಸಿದರು.

ಅಪ್ಪ ಸುಮ್ಮನಾದ. ವರ್ಷವಾಗುತ್ತ ಬಂದಿತ್ತು, ಅವನ ಮುಖ ಅಷ್ಟು ಶಾಂತವಾದದ್ದನ್ನು ನಾನು ನೋಡಿರಲಿಲ್ಲ. ಚಾಚಾ ಮಳೆಯ ಸುದ್ದಿ, ತಮ್ಮ ಕಣ್ಣಿನ ಸುದ್ದಿ, ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಸಾಲುಗಟ್ಟಿದ ಕಬ್ಬಿನ ಗಾಡಿಗಳ ಸುದ್ದಿ ಹೇಳುತ್ತ ಕೂತರು. ನಡುನಡುವೆ ಏನೋ ಒಂದು ಕೇಳುವರು. ಅಪ್ಪ ಬಾಯಿಂದ ಆತು ಎನ್ನುವನು, ಟವೆಲ್ಲು ಸ್ವಲ್ಪ ಅಲುಗುವುದು, ಚಾಚಾ ತಲೆಯಾಡಿಸುವರು.

"ನೋವು ಎಡಗಾಲಾಗ ಐತಂತ, ಬಲಗಾಲಾಗ ಅಲ್ಲ," ಎಂದರು ಅವ್ವನಿಗೆ. "ಚಹಾಕ್ಕ ಸಕ್ರಿ ಹಾಕಬ್ಯಾಡಂತ."

ನಾನು, "ನಿಮಗ ಹೆಂಗ ತಿಳಿತು ಚಾಚಾ?" ಎಂದೆ.

"ಸಂತ್ಯಾಗ ಯಾವ ದಲಾಲನೂ ಬಾಯಿಲೆ ಒಲ್ಲೆ ಅನ್ನೂದಿಲ್ಲ ಬೇಟಿ. ನಾಕ ಮಂದಿ ಎದುರ ಮನಶ್ಯಾನ್ನ ಅಪಮಾನ ಮಾಡಿದಂಗ ಆಗತೈತಿ. ಬಾಯಿಲೆ ಹೂಂ ಹೂಂ ಅಂತಿರಬೇಕು. ಒಪ್ಪಿಗಿ ಇದ್ರ ಕೈ ಬಿಗಿ ಹಿಡೀತಾರ. ಇಲ್ಲಂದ್ರ ಹಿಂದ ಎಳ್ಕೋತಾರ. ಅಷ್ಟ."

ಕೇಳಬೇಕಾದದ್ದು ಒಂದೇ ಉಳಿದಿತ್ತು. "ನೀವ ಕೇಳ್ರಿ ಚಾಚಾ," ಎಂದೆ. ಅವರು ಎದ್ದು ನನಗೆ ಜಾಗ ಬಿಟ್ಟರು. "ಮಾರಿದಾಕಿ ನೀ. ನೀನ ಕೇಳಬೇಕು."

ಹೆಣ್ಣುಮಕ್ಕಳು ನೋಡಬಾರದ ಆ ಟವೆಲ್ಲಿನ ಕೆಳಗೆ ನಾನು ಕೈ ಇಟ್ಟೆ. ಅಪ್ಪನ ಅಂಗೈ ಬೆಚ್ಚಗಿತ್ತು.

"ಅಪ್ಪಾ, ಅವತ್ತ ಎತ್ತ ಮಾರೂಣೇನು ಅಂತ ಕೇಳಿದ್ನಲ್ಲ. ಮಾರಬೇಕಿತ್ತೇನು?"

"ಆತು," ಅಂದ ಅಪ್ಪ. ಅವನ ಕೈ ನನ್ನ ಕೈಯಿಂದ ಹಿಂದೆ ಸರಿಯಿತು.

ಜಾರಲಿಲ್ಲ, ಸರಿಯಿತು. ಅವತ್ತು ಸರಿದಂತೆಯೇ, ಅದೇ ರೀತಿ. ಅವತ್ತು ನಾನು ಆ ಕೈಯನ್ನು ಎತ್ತಿ ಎದೆಯ ಮೇಲೆ ಇಟ್ಟಿದ್ದೆ. ಅವನು ಉತ್ತರ ಕೊಟ್ಟಿದ್ದ. ಸ್ಪಷ್ಟವಾಗಿ ಕೊಟ್ಟಿದ್ದ. ಆಮೇಲೆ ದಿನಾ ಸಂಜೆ ಟವೆಲ್ಲು ಚಾಚಿ ಇನ್ನೊಮ್ಮೆ ಕೇಳು, ಸರಿಯಾಗಿ ಕೇಳು ಎಂದಿದ್ದ. ನಾನು ಅವನ ಹಣೆ ಒರೆಸಿದ್ದೆ.

ಎದೆ ಒಡೆದವರು ಮಾತನ್ನು ತೂಗಿ ಆಡುವುದಿಲ್ಲ. ಮಗುವನ್ನು ರಮಿಸುವವರಂತೆ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ಮತ್ತೆ ಅವನ ಕೈ ಹಿಡಿದು, "ಎತ್ತ ಹೊಳ್ಳಿ ತರ್ಲೇನಪ್ಪಾ?" ಎಂದೆ.

"ಬೇಟಿ," ಎಂದು ಚಾಚಾ ತಡೆಯುವಷ್ಟರಲ್ಲಿ ಅಪ್ಪ ಹಿಡಿದ. ಅಷ್ಟು ದಿನ ಮಲಗಿದ ಮುದುಕನ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ನನ್ನ ನಾಲ್ಕು ಬೆರಳೂ ಒಂದಕ್ಕೊಂದು ಒತ್ತಿ ನೋಯುವಂತೆ ಹಿಡಿದ. "ಆತು," ಅಂದ. ಲಕ್ವ ಹೊಡೆದ ಮೇಲೆ ಅವನ ಬಾಯಿ, ಕೈ ಎರಡೂ ಒಂದೇ ಮಾತು ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನ ಕಣ್ಣು ಕೊಟ್ಟಿಗೆಯ ಕಡೆ ಹೋಯಿತು.

ಚಾಚಾ ತಲೆ ತಗ್ಗಿಸಿ ಕನ್ನಡಕ ಹಾಕಿಕೊಂಡರು. ನಾವಿಬ್ಬರೂ ರಾಮದುರ್ಗಕ್ಕೆ ಹೋಗಿ ಬರಿಗೈಯಲ್ಲಿ ಬಂದು ನಾಲ್ಕೇ ದಿನವಾಗಿತ್ತು. ಅವ್ವ ಚಹಾ ತಂದಿಟ್ಟು ಹೋದಳು, ಅದು ಆರಿತು. ಅಪ್ಪ ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಇಲ್ಲ ಎಂದಂತಾಗುತ್ತಿತ್ತು.